ಬಾಲ್ಯದ ಗೆಳೆಯರು, ಅನ್ಯಗ್ರಹ ಜೀವಿ, ಒಂದು ಹಳೆಯ ಸುಳ್ಳು: ಹಾರರ್ ಚಿತ್ರಕಥೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಊರಿಗೆ ಮರಳಿದ ನಾಲ್ವರು ಗೆಳೆಯರು, ರಾತ್ರಿ, ಆಕಾಶದಲ್ಲೊಂದು ಬೆಳಕು. ಈ ಬಗೆಯ ಸ್ಕ್ರಿಪ್ಟ್ ಬರೆಯುವವರು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮೊದಲ ಇಪ್ಪತ್ತು ಪುಟ ಚೆನ್ನಾಗಿಯೇ ಹೋಗುತ್ತದೆ. ಹಳೇ ಶಾಲೆ, ಹಳೇ ಅಡ್ಡಹೆಸರು, ಕಾಲೆಳೆಯುವುದು, ರಾತ್ರಿಯ ಪಾರ್ಟಿ. ಜೀವಿ ಬಂದ ಮೇಲೆ ಮಾತ್ರ ಈ ನಾಲ್ವರನ್ನು ತೆಗೆದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಬೇರೆ ನಾಲ್ವರನ್ನು ಇಟ್ಟರೂ ಕಥೆ ಹಾಗೇ ಓಡುತ್ತದೆ. ಓಡು, ಅಡಗು, ಕಿರುಚು, ಸಾಯಿ. ಗೆಳೆತನ ಮೊದಲ ಭಾಗದಲ್ಲೇ ಖರ್ಚಾಗಿ ಹೋಗಿರುತ್ತದೆ.

ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಬಹುತೇಕರು ಮೊದಲು ಜೀವಿಯನ್ನು ಕಲ್ಪಿಸಿಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಬಲಿಯಾಗುವವರನ್ನು ಹುಡುಕುತ್ತಾರೆ. ಇಲ್ಲಿ ಹೇಳುವ ಕ್ರಮ ತಿರುಗುಮುರುಗು: ಮೊದಲು ಗೆಳೆಯರ ನಡುವಿನ ಬಿರುಕು, ನಂತರ ಆ ಬಿರುಕಿನಿಂದಲೇ ಹುಟ್ಟುವ ಜೀವಿ, ಕೊನೆಗೆ ಸೀನುಗಳು. ಉದ್ದಕ್ಕೂ ಒಂದೇ ಉದಾಹರಣೆ ಕಥೆಯನ್ನು ಬೆಳೆಸುತ್ತಾ ಹೋಗುತ್ತೇನೆ. ಅದನ್ನೇ ನಕಲು ಮಾಡಬೇಡಿ, ಕಟ್ಟುವ ವಿಧಾನ ನೋಡಿಕೊಳ್ಳಿ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದವು

ಒಂದು ದಪ್ಪ ನೋಟ್‌ಬುಕ್. ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದ ಎಂಬತ್ತು ಚೀಟಿ. ಮೂರು ಬಣ್ಣದ ಸ್ಕೆಚ್ ಪೆನ್. ಕಥೆ ನಡೆಯುವ ಊರಿನ ನಕ್ಷೆ, ಕೈಯಲ್ಲಿ ಬರೆದದ್ದಾದರೂ ಸರಿ. ದನಿ ರೆಕಾರ್ಡ್ ಮಾಡುವ ಫೋನ್. ಸ್ಕ್ರಿಪ್ಟ್ ಸಾಫ್ಟ್‌ವೇರ್ ಏಳನೇ ಹಂತದವರೆಗೆ ಬೇಡವೇ ಬೇಡ. ಫಾರ್ಮ್ಯಾಟ್ ಚಂದ ಕಂಡ ಕೂಡಲೇ ಕಥೆಯೂ ಚಂದವಾಗಿದೆ ಅನ್ನಿಸಲು ಶುರುವಾಗುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಹಂತ 1: ಇದೇ ಜಾತಿಯ ಒಂದು ಸಿನಿಮಾ ಬಿಚ್ಚಿ ನೋಡಿ

ಗೆದ್ದ ಸಿನಿಮಾಕ್ಕಿಂತ ಅರ್ಧ ಗೆದ್ದು ಅರ್ಧ ಸೋತದ್ದು ಹೆಚ್ಚು ಕಲಿಸುತ್ತದೆ. ಲಾರೆನ್ಸ್ ಕ್ಯಾಸ್ಡನ್ ನಿರ್ದೇಶನದ 2003ರ 'ಡ್ರೀಮ್‌ಕ್ಯಾಚರ್' ಇದಕ್ಕೆ ಹೇಳಿಮಾಡಿಸಿದಂತಿದೆ. ಸ್ಟೀಫನ್ ಕಿಂಗ್ ಅವರ 2001ರ ಕಾದಂಬರಿ ಅದರ ಮೂಲ. ಅಮೆರಿಕದ ಮೇನ್ ರಾಜ್ಯದ ಹಿಮದ ಕಾಡಿನಲ್ಲಿ, ಒಂದು ಮರದ ಮನೆಯಲ್ಲಿ ನಾಲ್ವರು ಬಾಲ್ಯದ ಗೆಳೆಯರು ಸೇರುತ್ತಾರೆ. ದಾರಿ ತಪ್ಪಿದ ಅಪರಿಚಿತನೊಬ್ಬ ಬರುತ್ತಾನೆ. ಅವನ ಹೊಟ್ಟೆಯೊಳಗೆ ಏನೋ ಇದೆ.

ಅದರಲ್ಲಿ ಬೀವರ್ ಎಂಬ ಗೆಳೆಯನಿಗೆ ಯಾವಾಗಲೂ ಟೂತ್‌ಪಿಕ್ ಕಚ್ಚುವ ಚಟ. ಜೀವಿಯನ್ನು ಕಮೋಡ್‌ನೊಳಗೆ ಕೂಡಿಹಾಕಿ, ಮುಚ್ಚಳದ ಮೇಲೆ ಕೂತಿರುತ್ತಾನೆ. ಎದ್ದರೆ ಸತ್ತ. ಟೂತ್‌ಪಿಕ್‌ಗಳು ನೆಲಕ್ಕೆ ಚೆಲ್ಲುತ್ತವೆ. ಅವನ ಕೈ ಅತ್ತ ಚಾಚುತ್ತದೆ. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವುದು ಈ ದೃಶ್ಯ. ಇಲ್ಲಿ ಅವನನ್ನು ಕೊಲ್ಲುವುದು ನಾವು ಆಗಲೇ ನೋಡಿ ನಕ್ಕಿದ್ದ ಅವನದೇ ಚಟ.

ಈಗ ಇಡೀ ಸಿನಿಮಾಕ್ಕೆ ಚೀಟಿ ಬರೆಯಿರಿ, ಸೀನಿಗೊಂದು. ಹಳೇ ಗೆಳೆತನದಿಂದಾಗಿ ಯಾರಾದರೂ ಒಂದು ನಿರ್ಧಾರ ತೆಗೆದುಕೊಂಡ ಸೀನಿಗೆ ಮಾತ್ರ ಕೆಂಪು ಗುರುತು ಹಾಕಿ. ಮಾರ್ಗನ್ ಫ್ರೀಮನ್ ಅವರ ಸೇನಾಧಿಕಾರಿ ಪಾತ್ರ ಮತ್ತು ಹೆಲಿಕಾಪ್ಟರ್‌ಗಳು ಬಂದ ಮೇಲೆ ಕೆಂಪು ಕಡಿಮೆಯಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಬಾಲ್ಯದಲ್ಲಿ ಇವರು ರಕ್ಷಿಸಿದ್ದ ಡಡಿಟ್ಸ್ ಕೊನೆಯಲ್ಲಿ ತಾನೇ ಅನ್ಯಗ್ರಹ ಜೀವಿಯಾಗಿ ಬದಲಾಗಿ ಹೋರಾಡುತ್ತಾನೆ. ಗೆಳೆಯರು ನೋಡುಗರಾಗಿ ಉಳಿಯುತ್ತಾರೆ.

ನಿಮ್ಮ ಕಥೆಗೆ ಎರಡು ಎಚ್ಚರಿಕೆ ಇಲ್ಲೇ ಸಿಕ್ಕವು. ಸೈನ್ಯ, ವಿಜ್ಞಾನಿ, ಪೊಲೀಸ್ ಬಂದಷ್ಟೂ ಗೆಳೆಯರು ಸಣ್ಣವರಾಗುತ್ತಾರೆ. ಪರಿಹಾರ ಹೊರಗಿನ ಶಕ್ತಿಯಿಂದ ಬಂದರೆ ಅವರು ಊರಿಗೆ ಬಂದಿದ್ದಕ್ಕೇ ಅರ್ಥ ಉಳಿಯುವುದಿಲ್ಲ.

ಹಂತ 2: 'ಆ ದಿನ'ವನ್ನು ಬರೆಯಿರಿ

ಜೀವಿಯ ಬಗ್ಗೆ ಇನ್ನೂ ಒಂದಕ್ಷರ ಬರೆಯಬೇಡಿ. ಗೆಳೆಯರೆಲ್ಲ ಚಿಕ್ಕವರಿದ್ದಾಗ ನಡೆದ ಒಂದು ದಿನವನ್ನು ಎರಡು ಪುಟ ಬರೆಯಿರಿ. ಆ ದಿನಕ್ಕೆ ಮೂರು ಗುಣ ಇರಬೇಕು. ಎಲ್ಲರೂ ಅಲ್ಲಿದ್ದರು. ಏನೋ ತಪ್ಪು ನಡೆಯಿತು. ಆಮೇಲೆ ಅವರಲ್ಲಿ ಯಾರೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ.

ಉದಾಹರಣೆ ಕಥೆ ಇದು. ಸಾಗರ ತಾಲೂಕಿನ ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟೇ ನೀರಿನೊಳಗೆ ಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ. ಅಂಥದ್ದೊಂದು ಬರಗಾಲದ ಮೇ ತಿಂಗಳು, 2003. ಹದಿಮೂರರ ಐವರು ಮಕ್ಕಳು ಮನೆಯಲ್ಲಿ ಹೇಳದೆ ಹಳೇ ಅಣೆಕಟ್ಟು ನೋಡಲು ಹೋಗುತ್ತಾರೆ: ಸುಮ, ಶಬೀರ, ನಾಗು, ಪಕ್ಕಿ ಎಂಬ ಪ್ರಕಾಶ, ಮತ್ತು ರಾಘು. ಕೆಸರಿನಲ್ಲಿ ರಾಘು ಸಿಕ್ಕಿಕೊಳ್ಳುತ್ತಾನೆ. ನಾಲ್ವರು ಓಡಿ ಬರುತ್ತಾರೆ. 'ರಾಘು ನಮ್ಮ ಜೊತೆ ಬರಲೇ ಇಲ್ಲ' ಎಂದು ಊರಿಗೆ ಹೇಳುತ್ತಾರೆ. ಮಳೆ ಬರುತ್ತದೆ, ನೀರು ಏರುತ್ತದೆ, ಅಣೆಕಟ್ಟು ಮುಳುಗುತ್ತದೆ.

ಸಾಮಾನ್ಯ ತಪ್ಪು: ಆ ದಿನವನ್ನು ಬರೀ ದುರಂತ ಮಾಡುವುದು. ಗೆಳೆಯ ಆಕಸ್ಮಿಕವಾಗಿ ಸತ್ತ, ಎಲ್ಲರಿಗೂ ದುಃಖವಾಯಿತು ಅಂದರೆ ಕಥೆಗೆ ಏನೂ ಸಿಗುವುದಿಲ್ಲ. ದುಃಖ ಜನರನ್ನು ಹತ್ತಿರ ತರುತ್ತದೆ, ಸುಳ್ಳು ದೂರ ಮಾಡುತ್ತದೆ. ನಿಮಗೆ ಬೇಕಿರುವುದು ದೂರವಾದವರು.

ಹಂತ 3: ಜೋಡಿಗಳ ಲೆಕ್ಕ ಹಾಕಿ

ನಾಲ್ವರು ಗೆಳೆಯರೆಂದರೆ ಆರು ಜೋಡಿ. ಐವರಾದರೆ ಹತ್ತು, ಆರು ಮಂದಿಯಾದರೆ ಹದಿನೈದು. ಎರಡು ಗಂಟೆಯ ಸಿನಿಮಾದಲ್ಲಿ ಆರು ಜೋಡಿಗಳನ್ನು ನಿಭಾಯಿಸಬಹುದು, ಹತ್ತು ಕಷ್ಟ. ಅದಕ್ಕೇ ವರ್ತಮಾನದ ಕಥೆಯಲ್ಲಿ ನಾಲ್ವರಿಗಿಂತ ಹೆಚ್ಚು ಗೆಳೆಯರು ಬೇಡ. ಹೀರೋನ ತಮ್ಮ ಆಸೆಪಟ್ಟ ಅಂತ ಐದನೆಯವನನ್ನು ಸೇರಿಸುವ ಒತ್ತಡ ಬರುತ್ತದೆ, ತಡೆದುಕೊಳ್ಳಿ.

ಪ್ರತಿ ಜೋಡಿಗೂ ಒಂದು ಚೀಟಿ. ಅದರಲ್ಲಿ ಒಂದೇ ವಾಕ್ಯ: ಇವನಿಗೆ ಅವನು ಏನು ಬಾಕಿ ಇಟ್ಟಿದ್ದಾನೆ? ಶಬೀರನ ಅಂಗಡಿಗೆ ನಾಗು ಜಾಮೀನು ಹಾಕಿದ್ದ, ಅದು ಮುಳುಗಿತು. ಸುಮಳ ಮದುವೆಗೆ ಪಕ್ಕಿ ಬರಲಿಲ್ಲ, ಯಾಕೆಂದು ಅವಳಿಗೆ ಗೊತ್ತು, ಅವಳ ಗಂಡನಿಗೆ ಗೊತ್ತಿಲ್ಲ. ಈ ಬಾಕಿಗಳು ಆ ದಿನದಷ್ಟು ದೊಡ್ಡವಾಗಬೇಕಿಲ್ಲ. ಸಣ್ಣವೇ ಒಳ್ಳೆಯದು, ಜಗಳ ಶುರುವಾಗುವುದು ಅವುಗಳಿಂದಲೇ.

ನಂತರ ಇನ್ನೊಂದು ಚೀಟಿ, ಒಬ್ಬೊಬ್ಬರಿಗೆ ಒಂದು: ಆ ದಿನದ ಬಗ್ಗೆ ಇವನೊಬ್ಬನಿಗೇ ಗೊತ್ತಿರುವ, ಯಾರಿಗೂ ಹೇಳದ ಸಂಗತಿ ಯಾವುದು? ನಾಗು ಹಗ್ಗ ಬಿಟ್ಟ. ಶಬೀರ ತಿರುಗಿ ನೋಡಿದ, ಕೈ ಇನ್ನೂ ಮೇಲಿತ್ತು. ಸುಳ್ಳು ಮೊದಲು ಹೇಳಿದ್ದು ಸುಮ. ಪಕ್ಕಿ ಮರುದಿನ ಒಬ್ಬನೇ ಮತ್ತೆ ಹೋಗಿದ್ದ. ಈ ನಾಲ್ಕು ಚೀಟಿಗಳನ್ನು ಜೋಪಾನವಾಗಿಡಿ, ಇಡೀ ಚಿತ್ರ ಇವುಗಳ ಮೇಲೆ ನಿಲ್ಲುತ್ತದೆ.

ಹಂತ 4: ಸುಳ್ಳಿನಿಂದ ಜೀವಿಯನ್ನು ಹುಟ್ಟಿಸಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ. ಜೀವಿಯ ಮೈಬಣ್ಣ, ಹಲ್ಲು, ಬಾಲ ಯಾವುದೂ ಈಗ ಬೇಡ. ನಿಯಮ ಬೇಕು. ಅದು ಏನು ಮಾಡಬಲ್ಲದು, ಏನು ಮಾಡಲಾರದು, ಅದಕ್ಕೆ ಏನು ಬೇಕು. ಮೂರೂ ಉತ್ತರ ಹಂತ 2ರ ಸುಳ್ಳನ್ನು ಮುಟ್ಟುವಂತಿರಬೇಕು.

ನಮ್ಮ ಗೆಳೆಯರ ಸಮಸ್ಯೆ, ಅವರು ಏನನ್ನೋ ಹೇಳದೆ ಉಳಿಸಿಕೊಂಡಿದ್ದಾರೆ. ಹಾಗಾದರೆ ಜೀವಿಗೂ ಮಾತಿಗೂ ನಂಟಿರಲಿ. ಮೊದಲ ನಿಯಮ: ಅದು ಕೇಳಿಸಿಕೊಂಡ ದನಿಯನ್ನು ಮಾತ್ರ ಆಡಬಲ್ಲದು, ಕೇಳದೇ ಇದ್ದದ್ದನ್ನು ಆಡಲಾರದು. ಎರಡನೆಯದು: ಹೊಸ ಮಾತು ಎಲ್ಲಿ ಕೇಳಿಸುತ್ತದೋ ಅತ್ತ ಸರಿಯುತ್ತದೆ. ಮೂರನೆಯದು: ಒದ್ದೆ ಮಣ್ಣು ಬಿಟ್ಟು ಒಣ ನೆಲಕ್ಕೆ ಬರಲಾರದು.

ಈ ಮೂರರಿಂದ ಏನೇನು ಹುಟ್ಟುತ್ತದೆ ನೋಡಿ. ಕೆಸರಿನೊಳಗಿದ್ದ ಜೀವಿ 2003ರಲ್ಲಿ ರಾಘುವಿನ ಕೊನೆಯ ಮಾತುಗಳನ್ನು ಕೇಳಿಸಿಕೊಂಡಿದೆ. ಇಷ್ಟು ವರ್ಷದ ಮೇಲೆ ಕತ್ತಲೆಯಿಂದ ಹದಿಮೂರು ವರ್ಷದ ಹುಡುಗನ ದನಿ ಕರೆಯುತ್ತದೆ: 'ಪಕ್ಕೀ... ಬಿಟ್ಟು ಹೋಗಬ್ಯಾಡ್ರೋ...' ಜೀವಿಗೆ ಅದರ ಅರ್ಥ ಗೊತ್ತಿಲ್ಲ, ಗೆಳೆಯರಿಗೆ ಗೊತ್ತು. ಗ್ರಾಫಿಕ್ಸ್‌ಗೆ ಒಂದು ರೂಪಾಯಿ ಖರ್ಚಿಲ್ಲದೆ ಅತಿ ದೊಡ್ಡ ಭಯ ಸಿಕ್ಕಿತು.

ಇನ್ನು ಪರೀಕ್ಷೆ. ಜಾನ್ ಕಾರ್ಪೆಂಟರ್ ಅವರ 1982ರ 'ದಿ ಥಿಂಗ್'ನಲ್ಲಿ ಕಾಯಿಸಿದ ತಂತಿಯನ್ನು ರಕ್ತಕ್ಕೆ ಅದ್ದಿ ಯಾರು ಮನುಷ್ಯ, ಯಾರು ಅಲ್ಲ ಎಂದು ನೋಡುತ್ತಾರೆ. ಆ ದೃಶ್ಯದ ನಂತರ ಬಂದ ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ಅದರದ್ದೇ ನಕಲು. ನಿಮ್ಮ ಪರೀಕ್ಷೆ ನಿಮ್ಮ ಗೆಳೆಯರದ್ದೇ ಆಗಿರಬೇಕು. ನಮ್ಮ ಕಥೆಯಲ್ಲಿ ಬಾಗಿಲಾಚೆಯಿಂದ ಶಬೀರನ ದನಿ ಕೇಳುತ್ತದೆ: 'ನಾನೇ ಕಣೋ, ಬಾಗಿಲು ತೆಗಿ.' ನಿಜವಾದ ಶಬೀರನೋ? ತಿಳಿಯಲು ಒಂದೇ ದಾರಿ, ಅವನು ಎಂದೂ ಬಾಯಿಬಿಟ್ಟು ಹೇಳದ ಮಾತೊಂದನ್ನು ಹೇಳಬೇಕು. ಅಂದರೆ ಆ ದಿನದ ಸತ್ಯ. ಹೇಳಿದ ಮರುಕ್ಷಣ ಜೀವಿಯೂ ಅದನ್ನು ಕೇಳಿಸಿಕೊಂಡಿರುತ್ತದೆ, ಹಾಗಾಗಿ ಆ ಸತ್ಯವನ್ನು ಎರಡನೇ ಸಲ ಬಳಸುವಂತಿಲ್ಲ. ನಾಲ್ವರ ಕೈಯಲ್ಲಿ ಒಂದೊಂದೇ ಸತ್ಯ. ಇಡೀ ಚಿತ್ರಕ್ಕೆ ನಾಲ್ಕೇ ಪರೀಕ್ಷೆ.

ಹೀಗೆ ನಿಯಮ ಮತ್ತು ಗುಟ್ಟು ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಹಂತ 4 ಮುಗಿದಂತೆ.

ಎಚ್ಚರಿಕೆಯ ಗುರುತುಗಳು: ನಿಯಮ ವಿವರಿಸಲು ಪ್ರೊಫೆಸರ್ ಪಾತ್ರ ಬೇಕು ಅನ್ನಿಸಿದರೆ ನಿಯಮ ಜಟಿಲವಾಗಿದೆ. ನಾಲ್ಕನೇ ನಿಯಮ ಹುಟ್ಟಿಕೊಂಡರೆ ಎಲ್ಲೋ ಕಥೆ ಸಿಕ್ಕಿಬಿದ್ದಿದೆ, ನೀವು ತೇಪೆ ಹಚ್ಚುತ್ತಿದ್ದೀರಿ. ಜೀವಿಯ ದೌರ್ಬಲ್ಯ ಕ್ಲೈಮ್ಯಾಕ್ಸ್‌ನಲ್ಲಿ ಮೊದಲ ಬಾರಿಗೆ ತಿಳಿದರೆ ಪ್ರೇಕ್ಷಕ ಮೋಸ ಹೋದೆ ಅಂದುಕೊಳ್ಳುತ್ತಾನೆ. ಮೂರೂ ನಿಯಮ ಇಂಟರ್ವಲ್‌ಗೆ ಮುಂಚೆ ಕಣ್ಣಿಗೆ ಬಿದ್ದಿರಬೇಕು, ಅರ್ಥವಾಗದಿದ್ದರೂ ಸರಿ.

ಹಂತ 5: ದೆವ್ವವಲ್ಲ ಎಂದು ತೋರಿಸುವ ಸೀನ್

ಕನ್ನಡದ ಪ್ರೇಕ್ಷಕನಿಗೆ ಸತ್ತ ಹುಡುಗನ ದನಿ ಕೇಳಿಸಿದರೆ ಅವನು ದೆವ್ವ ಅಂತಲೇ ತೀರ್ಮಾನಿಸುತ್ತಾನೆ, ಅದು ಅವನ ತಪ್ಪಲ್ಲ. ಊರಿನ ಹಿರಿಯರೂ ಚೌಡಿ ಕಾಟ ಅಂತಾರೆ. ಅದನ್ನು ತಡೆಯಬೇಡಿ, ಒಂದಷ್ಟು ಹೊತ್ತು ಹಾಗೇ ಬಿಡಿ. ಆದರೆ ಚಿತ್ರದ ಮೂವತ್ತೈದನೇ ನಿಮಿಷದ ಒಳಗೆ ಒಂದು ಸೀನ್ ಆ ನಂಬಿಕೆಯನ್ನು ಮುರಿಯಬೇಕು.

ಮುರಿಯುವುದು ಮಾತಿನಿಂದಲ್ಲ, ಘಟನೆಯಿಂದ. ರಾಘುವಿನ ದನಿ ಒಂದೇ ಹೊತ್ತಿಗೆ ಮೂರು ದಿಕ್ಕಿನಿಂದ ಬರಲಿ. ಅದರ ಬೆನ್ನಿಗೇ ಅದೇ ಕೆಸರಿನಿಂದ ಜನ, ವಾಹನಗಳನ್ನು ಹಿನ್ನೀರು ದಾಟಿಸುವ ಲಾಂಚಿನ ಹಾರ್ನ್, ಲಾರಿ ರಿವರ್ಸ್ ತೆಗೆಯುವಾಗಿನ ಟೀಂ ಟೀಂ ಸದ್ದು, ನಿನ್ನೆ ಸಂಜೆ ದಡದಲ್ಲಿ ಕೂತು ಇವರೇ ಆಡಿದ ಪೋಲಿ ಜೋಕು ಕೇಳಿಸಲಿ. ದೆವ್ವಕ್ಕೆ ಲಾರಿಯ ಸದ್ದು ಯಾಕೆ? ಪ್ರೇಕ್ಷಕನಿಗೆ ಆ ಪ್ರಶ್ನೆ ಬಂದರೆ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು, ಎರಡೂ ಇರಲಿ ಅಂತ ಬಿಡುವುದು: ಅನ್ಯಗ್ರಹದ ಜೀವಿಯೂ ಹೌದು, ರಾಘುವಿನ ಆತ್ಮವೂ ಹೌದು. ಆಗ ಯಾವ ನಿಯಮಕ್ಕೂ ಬೆಲೆ ಇರುವುದಿಲ್ಲ. ಇನ್ನೊಂದು, ಸಿಗಂದೂರಿನಂಥ ನಂಬಿಕೆಯ ಜಾಗ ಹತ್ತಿರದಲ್ಲೇ ಇದೆ ಅಂತ ಕ್ಲೈಮ್ಯಾಕ್ಸ್‌ಗೆ ದೇವಿಯನ್ನು ಕರೆತರುವುದು. ಭಕ್ತಿಚಿತ್ರವಾದರೆ ಅದು ಸರಿ. ಇಲ್ಲಿ ಅದು ಡಡಿಟ್ಸ್ ಸಮಸ್ಯೆಯ ಇನ್ನೊಂದು ರೂಪ.

ಹಂತ 6: ಜಾಗ, ಗಡುವು, ಫೋನ್

'ನೆಟ್‌ವರ್ಕ್ ಇಲ್ಲ' ಎಂಬ ಒಂದು ಡೈಲಾಗಿನಿಂದ ಫೋನ್ ಸಮಸ್ಯೆ ಮುಗಿಸುವುದು ಸೋಮಾರಿತನ. ಮಲೆನಾಡಿನ ಹಿನ್ನೀರಿನ ಊರುಗಳಲ್ಲಿ ಸಿಗ್ನಲ್ ಗುಡ್ಡದ ಮೇಲೆ ಒಂದು ಬಂಡೆಯ ಹತ್ತಿರ ಸಿಗುತ್ತದೆ, ಕೆಳಗಿಳಿದರೆ ಹೋಗುತ್ತದೆ. ಅದನ್ನು ಕಥೆಗೆ ಬಳಸಿ. ಫೋನ್ ಮಾಡಲು ಗುಡ್ಡ ಹತ್ತಬೇಕು, ಗುಡ್ಡಕ್ಕೆ ಹೋಗುವ ದಾರಿ ಹಳ್ಳ ದಾಟುತ್ತದೆ, ಹಳ್ಳ ಒದ್ದೆ. ಇನ್ನು ಫೋನ್ ಸಿಕ್ಕರೂ ಮಾತಾಡುವುದೇ ಅಪಾಯ, ಹೊಸ ಮಾತಿನತ್ತ ಜೀವಿ ಬರುತ್ತದಲ್ಲ. ಹೀಗೆ ಅಡ್ಡಿ ಕಥೆಯ ನಿಯಮದಿಂದಲೇ ಬಂದರೆ ಯಾರೂ ಪ್ರಶ್ನಿಸುವುದಿಲ್ಲ.

ಊರು ಹೊರಜಗತ್ತಿನಿಂದ ಕಡಿದುಹೋಗುವುದಕ್ಕೆ ಲಾಂಚ್ ಒಳ್ಳೆಯ ಸಾಧನ. ಸಂಜೆಯ ಕೊನೆಯ ಲಾಂಚ್ ಹೋದರೆ ಬೆಳಗಿನವರೆಗೆ ದಾರಿಯಿಲ್ಲ. ನೀರು ತಳ ಕಂಡರೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಾರೆ. ಒಂದು ವಿಷಯ ಮಾತ್ರ ಮರೆಯಬೇಡಿ: 2025ರ ಜುಲೈನಲ್ಲಿ ಇದೇ ಹಿನ್ನೀರನ್ನು ದಾಟುವ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಕಥೆಯನ್ನು ಅದಕ್ಕೂ ಮುಂಚೆ ಇಟ್ಟರೆ ಲಾಂಚ್ ನಂಬಿಕೆಗೆ ಅರ್ಹ, ಇವತ್ತಿಗೆ ಇಟ್ಟರೆ ಸಾಗರದ ಪ್ರೇಕ್ಷಕ ಥಿಯೇಟರಿನಲ್ಲೇ ನಗುತ್ತಾನೆ. ಉದಾಹರಣೆ ಕಥೆಯನ್ನು 2024ರ ಮೇ ಕೊನೆಗೆ ಇಟ್ಟಿದ್ದೇನೆ, ಹಿಂದಿನ ವರ್ಷ ಬರ ಬಿದ್ದಿತ್ತು. ನೀವು ಯಾವ ವರ್ಷ ಆರಿಸಿಕೊಂಡರೂ ಆಗ ನೀರು ಎಷ್ಟು ಇಳಿದಿತ್ತು ಎಂದು ಊರಿನವರನ್ನೇ ಕೇಳಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ ಎಂಬುದನ್ನು ಅಲ್ಲಿನ ಶಾಲೆ ಮಕ್ಕಳೂ ಹೇಳುತ್ತಾರೆ.

ಗಡುವಿಗೆ ಗಡಿಯಾರ ಹುಡುಕಬೇಡಿ, ಪಂಚಾಂಗ ಸಾಕು. ಜೂನ್ 8ರ ಹೊತ್ತಿಗೆ ಮೃಗಶಿರ ಮಳೆ ಹುಟ್ಟುತ್ತದೆ. ಈಗ ಜೀವಿ ಹಿನ್ನೀರಿನ ಕೆಸರಿನಲ್ಲಿ ಸೆರೆಯಾಗಿದೆ. ಮಳೆ ಹಿಡಿದರೆ ಇಡೀ ಮಲೆನಾಡೇ ಒದ್ದೆ ಮಣ್ಣು. ಅನ್ಯಗ್ರಹದ ದಾಳಿ ಎಷ್ಟು ದೊಡ್ಡದೆಂದು ತೋರಿಸಲು ನ್ಯೂಸ್ ಚಾನೆಲ್ ತುಣುಕು, ಉರಿಯುವ ಬೆಂಗಳೂರು ಯಾವುದೂ ಬೇಡ. ಅಜ್ಜನೊಬ್ಬ ಆಕಾಶ ನೋಡಿ 'ಈ ಸಲ ಮಳೆ ಬೇಗ ಹಿಡಿತದೆ ಕಾಣ್ತದೆ' ಅಂದರೆ ಆಯಿತು.

ಹಂತ 7: ಚೀಟಿಗಳನ್ನು ನೆಲದ ಮೇಲೆ ಹರಡಿ

ಈಗ ಸೀನ್ ಆರ್ಡರ್. ಒಂದು ಪುಟಕ್ಕೆ ಸುಮಾರು ಒಂದು ನಿಮಿಷದ ಲೆಕ್ಕದಲ್ಲಿ 110 ಪುಟ, ಅರವತ್ತರಿಂದ ಎಪ್ಪತ್ತು ಸೀನ್. ಮೊದಲಿಂದ ಬರೆಯುತ್ತಾ ಹೋಗಬೇಡಿ. ಮೊದಲು ಇಂಟರ್ವಲ್, ನಂತರ ಕ್ಲೈಮ್ಯಾಕ್ಸ್, ಆಮೇಲೆ ಮೊದಲ ಸೀನ್, ಕೊನೆಗೆ ನಡುವಿನವು.

ಇಂಟರ್ವಲ್ ಬ್ಲಾಕ್: ಇಲ್ಲಿಯವರೆಗೆ ಸುರಕ್ಷಿತ ಅಂದುಕೊಂಡ ಜಾಗ ಸುರಕ್ಷಿತವಲ್ಲ ಎಂದಾಗಬೇಕು. ಗೆಳೆಯರಿಗೆ ಒಣ ನೆಲದ ಗುಟ್ಟು ಅರ್ಧ ತಿಳಿದಿದೆ, ನಾಗುವಿನ ಮನೆಯಲ್ಲಿ ಸೇರಿದ್ದಾರೆ. ಅಂಗಳ ಒಣಗಿದೆ, ಸುತ್ತ ಅಡಿಕೆ ತೋಟ. ರಾತ್ರಿ ಒಂದೂವರೆಗೆ ತ್ರೀ ಫೇಸ್ ಕರೆಂಟ್ ಬರುತ್ತದೆ. ಕರೆಂಟ್ ಬಂದ ಕೂಡಲೇ ತಾನೇ ಮೋಟಾರ್ ಓಡಿಸುವ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ 'ಟಕ್' ಅನ್ನುತ್ತದೆ. ಕತ್ತಲಲ್ಲಿ ಸ್ಪ್ರಿಂಕ್ಲರ್‌ಗಳು ಒಂದೊಂದಾಗಿ ತಿರುಗಲು ಶುರು. ತೋಟ ಒದ್ದೆಯಾಗುತ್ತಿದೆ. ನಾಗು ಮೋಟಾರ್ ಆಫ್ ಮಾಡಲು ಓಡಬೇಕು, ಪಂಪ್‌ಹೌಸ್ ತೋಟದ ಆ ತುದಿಗಿದೆ. ಯಾವ ರೈತ ಕುಟುಂಬವೂ ಈ ಸದ್ದನ್ನು ಇನ್ನೊಮ್ಮೆ ಮೊದಲಿನಂತೆ ಕೇಳಲಾರದು.

ಇದು ಕೆಲಸ ಮಾಡಬೇಕಾದರೆ ಮೊದಲ ಹದಿನೈದು ನಿಮಿಷದಲ್ಲೇ ಆಟೋ ಸ್ಟಾರ್ಟರ್ ಕಾಣಿಸಿರಬೇಕು, ಅದೂ ತಮಾಷೆಯಾಗಿ. 'ರಾತ್ರಿ ಎದ್ದು ಹೋಗೋ ಕಾಟ ತಪ್ಪಿತು ಮಾರಾಯ' ಎಂದು ನಾಗು ಹೆಮ್ಮೆಯಿಂದ ತೋರಿಸಲಿ. ಬೀವರನ ಟೂತ್‌ಪಿಕ್ ಮಾಡಿದ ಕೆಲಸವನ್ನೇ ಇದು ಮಾಡುತ್ತದೆ.

ಸೆಕೆಂಡ್ ಹಾಫ್‌ನ ಬೆನ್ನೆಲುಬು ನಾಲ್ಕು ಪರೀಕ್ಷೆಗಳು. ಪ್ರತಿ ಪರೀಕ್ಷೆ ಒಂದು ಜೀವ ಉಳಿಸುತ್ತದೆ, ಒಂದು ಸಂಬಂಧ ಮುರಿಯುತ್ತದೆ. ಶಬೀರ 'ಕೈ ಇನ್ನೂ ಮೇಲಿತ್ತು' ಅಂದಾಗ ಬಾಗಿಲು ತೆರೆಯುತ್ತದೆ, ಆದರೆ ಒಳಗಿರುವ ಮೂವರೂ ಅವನ ಮುಖ ನೋಡಲಾರರು. ಮೂರನೇ ಪರೀಕ್ಷೆಯ ನಂತರ ಇನ್ನೊಂದು ತಿರುವು ತಾನಾಗಿಯೇ ಬರುತ್ತದೆ. ಜೀವಿಗೆ ಈಗ ಅವರು ಬಾಯಿಬಿಟ್ಟ ಸತ್ಯಗಳೆಲ್ಲ ಬಾಯಿಪಾಠ. ರಾತ್ರಿಯಿಡೀ ಹಿನ್ನೀರಿನ ದಡದಲ್ಲಿ ಅವರದೇ ದನಿಯಲ್ಲಿ ಅದನ್ನು ಆಡುತ್ತದೆ. ದಡದ ಮನೆಯಲ್ಲಿ ರಾಘುವಿನ ಅಮ್ಮ ಇದ್ದಾಳೆ.

ಈ ಸೀನಿಗೆ ಹಿನ್ನೆಲೆ ಸಂಗೀತ ಹಾಕಬೇಡಿ. ಅಮ್ಮನ ಪಾತ್ರದ ಬಾಯಲ್ಲಿ ಉದ್ದನೆಯ ಮಾತನ್ನೂ ಇಡಬೇಡಿ.

ಕ್ಲೈಮ್ಯಾಕ್ಸ್ ಎರಡನೇ ನಿಯಮದಿಂದ ಬರುತ್ತದೆ. ಹೊಸ ಮಾತು ಇರುವಲ್ಲಿಗೆ ಜೀವಿ ಸರಿಯುತ್ತದೆ. ಮಳೆ ಶುರುವಾಗಿದೆ. ಊರಿನವರ ಗಾಡಿಗಳು ಡಾಂಬರು ರಸ್ತೆ ಮುಟ್ಟುವವರೆಗೆ ಯಾರಾದರೂ ಹಳೇ ಅಣೆಕಟ್ಟಿನ ಮೇಲೆ ನಿಂತು ಮಾತಾಡುತ್ತಲೇ ಇರಬೇಕು, ಒಂದು ಮಾತೂ ಮರುಕಳಿಸದಂತೆ. ಅಂದು ಮೊದಲು ಸುಳ್ಳು ಹೇಳಿದ ಸುಮ ನಿಲ್ಲುತ್ತಾಳೆ. ಜೀವಿಯನ್ನು ಕೊಲ್ಲಲೇಬೇಕೆಂಬ ಹಟ ಬಿಡಿ. ಪಾತ್ರ ಅಂದು ಮಾಡದೆ ಹೋದದ್ದನ್ನು ಇಂದು ಮಾಡಿದರೆ ಪ್ರೇಕ್ಷಕನ ಲೆಕ್ಕ ಚುಕ್ತಾ.

ಹಂತ 8: ಸಾವಿನ ಕ್ರಮ

ಯಾರು ಯಾವಾಗ ಸಾಯಬೇಕು ಎನ್ನುವುದಕ್ಕೆ ಒಂದೇ ಸೂತ್ರ: ಯಾರ ಸಾವು ಉಳಿದವರ ಜೋಡಿ ಚೀಟಿಗಳನ್ನು ಅತಿ ಹೆಚ್ಚು ಬದಲಿಸುತ್ತದೋ ಅವರು ಮೊದಲು. ತಮಾಷೆ ಮಾಡುವವನನ್ನೋ, ಗುಂಪಿನ ಒಬ್ಬನೇ ಮುಸ್ಲಿಂ ಗೆಳೆಯನನ್ನೋ, ಒಬ್ಬಳೇ ಹುಡುಗಿಯನ್ನೋ ಮೊದಲು ಕೊಲ್ಲುವ ಚಾಳಿ ಎಲ್ಲರಿಗೂ ಗೊತ್ತಾಗಿಹೋಗಿದೆ.

ಹಂತ 9: ಮಾತು ಬರೆಯುವುದು

ಬಾಲ್ಯದ ಗೆಳೆಯರು ಒಬ್ಬರಿಗೊಬ್ಬರು ಮಾಹಿತಿ ಕೊಡುವುದಿಲ್ಲ. 'ನಿನಗೆ ನೆನಪಿದೆಯಾ, ನಾವು ಏಳನೇ ಕ್ಲಾಸಿನಲ್ಲಿದ್ದಾಗ ಹಿನ್ನೀರಿಗೆ ಹೋಗಿದ್ದೆವು' ಅಂತ ಯಾವ ಗೆಳೆಯನೂ ಆಡುವುದಿಲ್ಲ. ಅವರ ಮಾತಿನಲ್ಲಿ ಅರ್ಧ ವಾಕ್ಯಗಳಿರುತ್ತವೆ, ಹೊರಗಿನವರಿಗೆ ಅರ್ಥವಾಗದ ನಗು ಇರುತ್ತದೆ, ಒಂದು ವಿಷಯ ಬಂದಾಗ ಎಲ್ಲರೂ ಒಟ್ಟಿಗೆ ಮಾತು ಬದಲಿಸುತ್ತಾರೆ. ಆ ಮಾತು ಬದಲಿಸುವುದನ್ನು ಮೂರು ಸಲ ತೋರಿಸಿ, ಆ ದಿನ ಏನೋ ಆಗಿದೆ ಎಂದು ಪ್ರೇಕ್ಷಕ ತಾನೇ ಕಂಡುಕೊಳ್ಳುತ್ತಾನೆ.

ಫೋನ್ ರೆಕಾರ್ಡರ್ ಬೇಕಾಗುವುದು ಇಲ್ಲಿ. ನಿಮ್ಮ ಹಳೇ ಗೆಳೆಯರ ಒಪ್ಪಿಗೆ ಪಡೆದು ಒಂದು ಸಂಜೆಯ ಹರಟೆ ರೆಕಾರ್ಡ್ ಮಾಡಿ, ಬರೆದಿಳಿಸಿ. ಯಾರು ಯಾರ ಮಾತಿನ ಮಧ್ಯೆ ಬಾಯಿ ಹಾಕುತ್ತಾರೆ, ಯಾರು ಹಳೇ ಹೆಸರಿನಿಂದ ಕರೆಯುತ್ತಾರೆ, ಯಾರು ಹೊಸದಾಗಿ 'ಸಾರ್' ಆಗಿದ್ದಾರೆ ಎಲ್ಲ ಕಾಣುತ್ತದೆ. ಬೆಂಗಳೂರಿಗೆ ಹೋದವನ ಕನ್ನಡ ಊರಿಗೆ ಬಂದ ಮೊದಲ ದಿನ ಒಂದು ತರಹ, ಮೂರನೇ ದಿನಕ್ಕೆ 'ಎಂತ ಮಾರಾಯ' ತಾನಾಗಿ ಬರುತ್ತದೆ. ಭಯವಾದಾಗ ಪೂರ್ತಿ ಊರಿನ ಭಾಷೆಯೇ.

ಕಿರುಚಾಟಕ್ಕೆ ಒಂದು ಮಿತಿ ಇರಲಿ. ಪಂಚ್ ಡೈಲಾಗ್‌ಗೆ ಮಿತಿಯೂ ಬೇಡ, ಪಂಚ್ ಡೈಲಾಗೇ ಬೇಡ. ಪ್ರಾಣಭಯದಲ್ಲಿರುವವನು ಪ್ರಾಸ ಹುಡುಕುವುದಿಲ್ಲ.

ಹಂತ 10: ಬಜೆಟ್ಟಿಗೆ ತಕ್ಕ ಜೀವಿ

ಈಗ ಮೈ ಕೊಡಿ. ಜೋ ಕಾರ್ನಿಶ್ ಅವರ 2011ರ 'ಅಟ್ಯಾಕ್ ದ ಬ್ಲಾಕ್'ನಲ್ಲಿ ಲಂಡನ್ನಿನ ಒಂದು ವಸತಿ ಕಟ್ಟಡದ ಹುಡುಗರು ಜೀವಿಗಳನ್ನು ಎದುರಿಸುತ್ತಾರೆ. ಆ ಜೀವಿಗಳಿಗೆ ಕಣ್ಣಿಲ್ಲ. ಬೆಳಕೇ ಹಿಂತಿರುಗದಂಥ ಕಪ್ಪು ಕೂದಲು, ಹೊಳೆಯುವ ಹಲ್ಲು, ಅಷ್ಟೆ. ವೇಷ ತೊಟ್ಟ ಕಲಾವಿದರನ್ನೇ ಬಳಸಿ ಕಂಪ್ಯೂಟರಿನಲ್ಲಿ ವಿವರ ಸೇರಿಸುವ ಬದಲು ವಿವರ ಅಳಿಸಿದರು. ಬೆಪ್ಪಾಗುವಂಥ ಜಾಣತನ. ಮೊದಲ ಜೀವಿಯನ್ನು ಹುಡುಗರೇ ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತಾರೆ, ಉಳಿದವು ಅದರ ವಾಸನೆ ಹಿಡಿದೇ ಬರುತ್ತವೆ. ದಾಳಿಗೆ ಪಾತ್ರಗಳೇ ಕಾರಣ.

ನಮ್ಮ ಕಥೆಯ ಜೀವಿಯನ್ನು ಎಂದೂ ಪೂರ್ತಿ ತೋರಿಸಬೇಡಿ. ಕೆಸರಿನ ಮೇಲ್ಮೈ ಉಸಿರಾಡಿದಂತೆ ಏರಿಳಿಯಲಿ. ಆಚೆ ದಡದ ಮನೆಗಳ ದೀಪ ಒಂದೊಂದೇ ಆರಲಿ. ಹಣ ಉಳಿದರೆ ಶಬ್ದಕ್ಕೆ ಹಾಕಿ. ರಾಘುವಿನ ದನಿಗೆ ನಿಜವಾದ ಹದಿಮೂರರ ಹುಡುಗನನ್ನೇ ಕರೆಸಿ ಡಬ್ಬಿಂಗ್ ಮಾಡಿಸಿ. ದೊಡ್ಡವರು ಮಕ್ಕಳ ದನಿ ತೆಗೆದರೆ ಎರಡೇ ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತಾರೆ.

ಲೊಕೇಶನ್ ಬಗ್ಗೆ ಗಂಭೀರವಾದ ಮಾತು: ಹಿನ್ನೀರಿನ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಕೆಳಗೆ ಮೆತ್ತಗಿರಬಹುದು. ಸ್ಥಳೀಯರು ಕಾಲಿಡದ ಜಾಗಕ್ಕೆ ನಟರನ್ನೂ ಇಳಿಸಬೇಡಿ, ಕ್ಯಾಮೆರಾವನ್ನೂ ಇಳಿಸಬೇಡಿ. ಕೆಸರಿನ ಸೀನುಗಳನ್ನು ತೋಟದ ಬದಿ ಗುಂಡಿ ತೆಗೆಸಿ, ಮಣ್ಣು ಕಲಸಿ ಚಿತ್ರಿಸಿಕೊಳ್ಳಿ. ಅರಣ್ಯ ಮತ್ತು ಅಣೆಕಟ್ಟು ಪ್ರದೇಶಕ್ಕೆ, ಡ್ರೋನ್‌ಗೆ ಅನುಮತಿ ಕೈಗೆ ಬಂದ ಮೇಲೆಯೇ ಕಾಲ್‌ಶೀಟ್ ಹಾಕಿ.

ಹಂತ 11: ಓದಿಸಿ, ಹಿಂದಕ್ಕೆ ಹೋಗಿ ಸರಿಪಡಿಸಿ

ನರೇಶನ್‌ಗೆ, ಅಂದರೆ ಸ್ಕ್ರಿಪ್ಟ್ ಓದಿ ಹೇಳುವಾಗ ಕೇಳಲು, ಮೂವರು ಸಾಕು: ಹಾರರ್ ಇಷ್ಟಪಡುವ ಒಬ್ಬರು, ಇಷ್ಟಪಡದ ಒಬ್ಬರು, ಆ ಊರಿನ ಕಡೆಯ ಒಬ್ಬರು. ಓದುವಾಗ ವಿವರಣೆ ಕೊಡಬೇಡಿ. ಅವರು ಕೇಳುವ ಪ್ರಶ್ನೆಯಿಂದ ಯಾವ ಹಂತ ಕೆಟ್ಟಿದೆ ಎಂದು ತಿಳಿಯುತ್ತದೆ.

'ಪೊಲೀಸರಿಗೆ ಯಾಕೆ ಫೋನ್ ಮಾಡಲಿಲ್ಲ?' ಅಂದರೆ ಹಂತ 6. 'ಕೊನೆಗೆ ಅದು ದೆವ್ವನಾ?' ಅಂದರೆ ಹಂತ 5. 'ಆ ನಾಲ್ವರಲ್ಲಿ ಶಬೀರ ಯಾರು, ನಾಗು ಯಾರು?' ಎಂದು ಗೊಂದಲವಾದರೆ ಹಂತ 3ರ ಚೀಟಿಗಳು ಸಪ್ಪೆಯಾಗಿವೆ, ಸೀನ್ ತಿದ್ದುವುದರಿಂದ ಅದು ಸರಿಹೋಗುವುದಿಲ್ಲ. ಊರಿನವರು 'ಕರೆಂಟ್ ಆ ಹೊತ್ತಿಗೆ ಬರಲ್ಲ ಸ್ವಾಮಿ' ಅಂದರೆ ವಾದ ಮಾಡದೆ ಹೊತ್ತು ಬದಲಿಸಿ. 'ಜೀವಿ ಎಲ್ಲಿಂದ ಬಂತು?' ಎಂದು ಒಬ್ಬರೇ ಕೇಳಿದರೆ ಬಿಟ್ಟುಬಿಡಿ, ಮೂವರೂ ಕೇಳಿದರೆ ಒಂದು ವಾಕ್ಯ ಸೇರಿಸಿ, ಎರಡು ಬೇಡ.

ಕೊನೆಯದಾಗಿ ಮೊದಲ ಹಂತದ ಕೆಂಪು ಪೆನ್ನನ್ನು ನಿಮ್ಮ ಚೀಟಿಗಳ ಮೇಲೇ ಓಡಿಸಿ. ಇಂಟರ್ವಲ್ ನಂತರ ಸತತವಾಗಿ ಐದು ಚೀಟಿಗಳಲ್ಲಿ ಕೆಂಪು ಗುರುತು ಇಲ್ಲದಿದ್ದರೆ ಆ ಐದನ್ನೂ ಪಕ್ಕಕ್ಕಿಟ್ಟು, ಅವಿಲ್ಲದೆ ಕಥೆ ಒಮ್ಮೆ ಹೇಳಿ ನೋಡಿ. ಸಾಮಾನ್ಯವಾಗಿ ನಾಲ್ಕು ಕಸದ ಬುಟ್ಟಿಗೆ ಹೋಗುತ್ತವೆ, ಒಂದು ಉಳಿಯುತ್ತದೆ. ಆ ಒಂದನ್ನು ಮತ್ತೆ ಬರೆಯಿರಿ.